ಬಾಗಿಲುವಾಡ, ಬೀಸುಕಲ್ಲು, ತೊಟ್ಟಿಲು: ನಮ್ಮ ಸೀಮೆಯ ಮನೆಯೊಳಗಿನ ಇತಿಹಾಸ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಹಿರಿಯೂರಿನ ಪ್ರೌಢಶಾಲೆಯಲ್ಲಿ ನನ್ನ ಬಳಿ ಸಮಾಜ ವಿಜ್ಞಾನ ಓದಿದವನು. ಈಗ ಬೆಂಗಳೂರಿನಲ್ಲಿ ಸ್ವಂತ ಮನೆ ಕಟ್ಟಿಸಿದ್ದಾನೆ. ಮನೆಯ ಒಳಾಂಗಣ ವಿನ್ಯಾಸ ಮಾಡಲು ಬಂದವರು, ಹಳೆಯ ಕಾಲದ ಕಂಬ ನಾಲ್ಕು, ಕೆತ್ತನೆಯ ಬಾಗಿಲು ಒಂದು, ಹಿತ್ತಾಳೆಯ ದೀಪ ಒಂದಷ್ಟು ತಂದಿಟ್ಟರೆ ಎಂದೂ ಹಳತಾಗದ ಕಳೆ ಬರುತ್ತದೆ ಎಂದು ಹೇಳಿದ್ದಾರಂತೆ. ಅಂಥ ವಸ್ತುಗಳನ್ನು ಮಾರುವ ಅಂಗಡಿಗಳನ್ನೂ ತೋರಿಸಿದ್ದಾರೆ. "ಸಾರ್, ತಾವು ಇತಿಹಾಸದ ಮೇಷ್ಟ್ರು. ಯಾವುದನ್ನು ಕೊಳ್ಳಲಿ, ನೀವೇ ಹೇಳಿ" ಎಂದು ಕೇಳಿದ.

ನನಗೆ ಕೂಡಲೇ ಉತ್ತರ ಹೇಳಲಾಗಲಿಲ್ಲ. ಕಾರಣ, ಅಂಥ ನಾಲ್ಕು ಕಂಬಗಳನ್ನು ಒಂದು ಕಾಲದಲ್ಲಿ ನಾನೇ ಮಾರಿದವನು. ಆ ವಿಚಾರವನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು, ನಮ್ಮ ದುರ್ಗದ ಸೀಮೆಯಲ್ಲಿ ಮನೆಯ ಒಳಗೆ ಏನೇನು ಇರುತ್ತಿತ್ತು, ಅದು ಹೇಗೆ ಬಂತು, ಹೇಗೆ ಹೋಯಿತು ಎಂಬುದನ್ನು ಸ್ವಲ್ಪ ನೋಡೋಣ. ಪಠ್ಯಪುಸ್ತಕದಲ್ಲಿ ಕೋಟೆಯ ಏಳು ಸುತ್ತುಗಳ ಇತಿಹಾಸವಿತ್ತು. ಪಡಸಾಲೆಯ ಇತಿಹಾಸ ಇರಲಿಲ್ಲ. ನಾನೂ ಅದನ್ನು ನಿಮಗೆ ಪಾಠ ಮಾಡಲಿಲ್ಲ.

ನಿಮ್ಮಲ್ಲಿ ಹಲವರನ್ನು ನಾನು ಚಂದ್ರವಳ್ಳಿಗೆ ಪ್ರವಾಸ ಕರೆದುಕೊಂಡು ಹೋಗಿದ್ದುಂಟು. ಅಲ್ಲಿ ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಅವರು 1929ರಲ್ಲಿ ಉತ್ಖನನ ನಡೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಬ್ರಹ್ಮಗಿರಿಯ ಜೊತೆಗೆ ಚಂದ್ರವಳ್ಳಿಯಲ್ಲೂ ಅಗೆಸಿದರು. ಸಾತವಾಹನರ ಕಾಲದ ನಾಣ್ಯಗಳು, ರೋಮ್ ಸಾಮ್ರಾಜ್ಯದ ಬೆಳ್ಳಿಯ ನಾಣ್ಯಗಳು ದೊರೆತವು ಎಂಬುದನ್ನು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಅಲ್ಲಿ ರಾಶಿರಾಶಿಯಾಗಿ ದೊರೆತದ್ದು ನಾಣ್ಯವಲ್ಲ, ಮಡಕೆಯ ಚೂರು. ಕೆಂಪು ಬಣ್ಣದ ಮೇಲೆ ಬಿಳಿಯ ಗೆರೆ ಎಳೆದ ಮಡಕೆಗಳು ಅವುಗಳಲ್ಲಿದ್ದವು. ನೀರಿಗೋ ಕಾಳಿಗೋ ಇಟ್ಟ ಪಾತ್ರೆಗೂ ಒಂದು ಚಂದ ಬೇಕೆಂದು ಎರಡು ಸಾವಿರ ವರ್ಷಗಳ ಹಿಂದೆಯೇ ನಮ್ಮ ಊರಿನ ಯಾರಿಗೋ ಅನ್ನಿಸಿತ್ತು. ಒಳಾಂಗಣ ವಿನ್ಯಾಸ ಎಂಬುದು ಬೆಂಗಳೂರಿನಲ್ಲಿ ಹುಟ್ಟಿದ್ದಲ್ಲ ಎಂಬುದಕ್ಕೆ ಇಷ್ಟು ಸಾಕು.

ಇನ್ನು ನಾವು ಕಣ್ಣಾರೆ ಕಂಡ ಮನೆಗಳಿಗೆ ಬರೋಣ. ಮಲೆನಾಡಿನಂತೆ ನಮ್ಮಲ್ಲಿ ಮಳೆ ಹೆಚ್ಚಿಲ್ಲ. ಆದ್ದರಿಂದ ಇಳಿಜಾರು ಮಾಡಿಗಿಂತ ಸಮತಟ್ಟಾದ ಮಾಳಿಗೆಯೇ ನಮ್ಮ ಬಯಲುಸೀಮೆಯ ಲಕ್ಷಣ. ದಪ್ಪ ಮಣ್ಣಿನ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಕಡ್ಡಿ ಸೊಪ್ಪು ಹಾಸಿ ಮಣ್ಣು ಬಡಿದು, ನೀರು ಇಳಿಯದಂತೆ ಎಲ್ಲಕ್ಕಿಂತ ಮೇಲೆ ಚೌಳು ಮಣ್ಣು ಹರಡುವುದು. ಮನೆಯ ಅಳತೆಯನ್ನು ಅಡಿಯ ಲೆಕ್ಕದಲ್ಲಿ ಹೇಳುತ್ತಿರಲಿಲ್ಲ. ಎಂಟಂಕಣದ ಮನೆ, ಹನ್ನೆರಡಂಕಣದ ಮನೆ ಎನ್ನುತ್ತಿದ್ದರು. ಕಂಬಗಳ ನಡುವಿನ ಅಂತರವೇ ಅಂಕಣ. ಅಂದರೆ ಕಂಬ ಎಂಬುದು ನಮ್ಮವರಿಗೆ ಅಲಂಕಾರವಲ್ಲ, ಮನೆಯ ಅಳತೆಗೋಲು. ಬೇವಿನ ಮರಕ್ಕೆ ಹುಳು ಬೀಳುವುದು ಕಡಿಮೆ ಎಂದು ತೊಲೆಗೆ ಬೇವು ಬಳಸುತ್ತಿದ್ದರು. ಶಕ್ತಿ ಇದ್ದವರು ಶಿವಮೊಗ್ಗದ ಕಡೆಯಿಂದ ತೇಗ, ಹೊನ್ನೆ ತರಿಸುತ್ತಿದ್ದರು.

ಆ ಮನೆಗಳ ಒಳಗೆ ಇಂದಿನ ಅರ್ಥದಲ್ಲಿ ಪೀಠೋಪಕರಣ ಎಂಬುದು ಬಹಳ ಕಡಿಮೆ. ಕೂರುವುದು ಜಗಲಿಯ ಮೇಲೆ, ಮಣೆಯ ಮೇಲೆ ಅಥವಾ ಕಂಬಳಿಯ ಮೇಲೆ. ಬಂದವರಿಗೆ ಕರಿ ಕಂಬಳಿ ಹಾಸುವುದೇ ನಮ್ಮ ಸೀಮೆಯ ಮರ್ಯಾದೆ. ಗೋಡೆಯಲ್ಲೇ ಗೂಡು ಬಿಟ್ಟು ದೀಪವಿಡುತ್ತಿದ್ದರು. ಗೋಡೆಯ ಎತ್ತರದಲ್ಲಿ ನಾಗಂದಿಗೆ. ಅದರ ಮೇಲೆ ತಾಮ್ರ, ಹಿತ್ತಾಳೆಯ ಪಾತ್ರೆಗಳು. ತೊಲೆಯಿಂದ ಇಳಿಬಿಟ್ಟ ನೆಲುವಿನಲ್ಲಿ ಹಾಲು, ಮೊಸರು. ಧಾನ್ಯಕ್ಕೆ ವಾಡೆ, ಗುಡಾಣ, ನೆಲದೊಳಗೆ ಹಗೇವು. ನಡುಮನೆಯಲ್ಲಿ ಬೀಸುಕಲ್ಲು, ಪಕ್ಕದಲ್ಲಿ ಒರಳು, ಮೂಲೆಯಲ್ಲಿ ಒನಕೆ.

ಒನಕೆ ಎಂದೊಡನೆ ನಮಗೆ ಓಬವ್ವ ನೆನಪಾಗದೆ ಇರುವುದಿಲ್ಲ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುತ್ತಿದ್ದಾಗ ಕಹಳೆಯ ಮುದ್ದಹನುಮನ ಹೆಂಡತಿಯ ಕೈಗೆ ಸಿಕ್ಕಿದ್ದು ಕತ್ತಿಯಲ್ಲ, ಮನೆಯ ಒನಕೆ. ದಿನವೂ ಹಿಡಿದು ರೂಢಿಯಾಗಿದ್ದ ವಸ್ತುವಾದ್ದರಿಂದಲೇ ಅದು ಆ ಗಳಿಗೆಯಲ್ಲಿ ಕೈಗೆ ಬಂತು. ಗೋಡೆಗೆ ತೂಗುಹಾಕಿದ ಒನಕೆಯಾಗಿದ್ದರೆ ಕತೆ ಬೇರೆಯಾಗುತ್ತಿತ್ತು. 1779ರಲ್ಲಿ ದುರ್ಗ ಹೈದರನ ಕೈಸೇರಿತು. ಕೋಟೆಯ ಮೇಲಿನ ಅರಮನೆಯಲ್ಲಿ ಇಂದು ಉಳಿದಿರುವುದು ಮಣ್ಣಿನ ಮೋಟು ಗೋಡೆಗಳು ಮಾತ್ರ. ಅರಸರು ಯಾವ ಪೀಠದ ಮೇಲೆ ಕೂತಿದ್ದರೋ ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಒನಕೆ ಮಾತ್ರ ಗೊತ್ತು.

ಮನೆಯ ವಸ್ತುಗಳ ಇತಿಹಾಸವನ್ನು ಅವುಗಳ ಹೆಸರುಗಳೇ ಹೇಳುತ್ತವೆ. ಮಣೆ, ತೊಟ್ಟಿಲು, ಒರಳು, ಒನಕೆ ಇವು ನಮ್ಮ ನೆಲದ ಮಾತುಗಳು. ಮಂಚ ಸಂಸ್ಕೃತದಿಂದ ಬಂತು. ಕುರ್ಚಿ, ಮೇಜು, ಸಂದೂಕ ಇವು ಅರಬ್ಬಿ, ಪಾರಸಿ ಮೂಲದವು. ಅಲಮಾರು ಮತ್ತು ಚಾವಿ ಪೋರ್ಚುಗೀಸರಿಂದ ಬಂದವು. ಬೆಂಚು, ಟ್ರಂಕು ಇಂಗ್ಲಿಷಿನವು. ಕೂರುವುದಕ್ಕೆ ನಮ್ಮ ಬಳಿ ಮಾತಿತ್ತು, ಬೀಗ ಹಾಕಿ ಇಡುವುದಕ್ಕೆ ಮಾತನ್ನು ಹೊರಗಿನಿಂದ ತರಬೇಕಾಯಿತು ಎಂದು ನಾನು ತರಗತಿಯಲ್ಲಿ ತಮಾಷೆ ಮಾಡುತ್ತಿದ್ದುದು ಕೆಲವರಿಗೆ ನೆನಪಿರಬಹುದು. (ಪೆಟ್ಟಿಗೆ ಇತ್ತಲ್ಲ ಸಾರ್ ಎಂದು ಒಬ್ಬ ಹುಡುಗಿ ಎದ್ದು ನಿಂತು ನನ್ನನ್ನು ತಿದ್ದಿದ್ದಳು. ಅವಳೂ ಇದನ್ನು ಓದುತ್ತಾಳೆಂದು ಬಲ್ಲೆ.)

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಈ ಒಳಮನೆ ಬದಲಾಗತೊಡಗಿತು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಆ ಮಂಗಳೂರು ಹೆಂಚು ನಿಧಾನವಾಗಿ ಘಟ್ಟ ಹತ್ತಿ ಬಂದು ಅನುಕೂಲಸ್ಥರ ಮಾಳಿಗೆಗಳನ್ನು ಹೆಂಚಿನ ಮನೆಗಳನ್ನಾಗಿ ಮಾಡಿತು. 1894ರಲ್ಲಿ ರಾಜಾ ರವಿವರ್ಮರು ಮುಂಬಯಿಯಲ್ಲಿ ಮುದ್ರಣಾಲಯ ಸ್ಥಾಪಿಸಿದರು; ಅಲ್ಲಿಂದ ಹೊರಟ ಲಕ್ಷ್ಮಿ, ಸರಸ್ವತಿಯರ ಪಟಗಳು ಹಳ್ಳಿಯ ಪಡಸಾಲೆಗಳಿಗೂ ಬಂದವು. ಆ ಪಟಗಳನ್ನು ಗೋಡೆಯ ಮೇಲ್ತುದಿಯಲ್ಲಿ, ನೆಲದ ಮೇಲೆ ಕೂತವರ ಕಡೆಗೆ ಸ್ವಲ್ಪ ಬಾಗಿದಂತೆ, ಹಿಂದೆ ಮರದ ತುಂಡು ಕೊಟ್ಟು ತೂಗುಹಾಕುತ್ತಿದ್ದುದನ್ನು ನೀವೂ ನೋಡಿರುತ್ತೀರಿ. ನಾವು ಕುರ್ಚಿಯ ಮೇಲೆ ಕೂರಲು ಕಲಿತ ಮೇಲೆ ಪಟಗಳೂ ಕೆಳಗಿಳಿದು ನೆಟ್ಟಗಾದವು.

ಕುರ್ಚಿ ಬಂದದ್ದು ಅಮಲ್ದಾರರ ಕಚೇರಿಯಿಂದ, ಶಾಲೆಯಿಂದ. ನನ್ನ ಓದುವ ಮೇಜಿನ ಬಳಿ ಇರುವ ಕುರ್ಚಿಯನ್ನು ನೀವು ಕಂಡಿದ್ದೀರಿ. ಬಾಗಿಸಿದ ಮರ, ಬೆತ್ತದ ಹೆಣಿಗೆ. ಒಂದು ಹಳೆಯ ಕಚೇರಿಯ ಸಾಮಾನು ಹರಾಜಾದಾಗ ಅದನ್ನು ಕೊಂಡೆ. ಈ ಮಾದರಿಯ ಕುರ್ಚಿಯನ್ನು ಮೈಕೆಲ್ ಥೋನೆಟ್ ಎಂಬ ಬಡಗಿ 1859ರಲ್ಲಿ ರೂಪಿಸಿದ. ಬೀಚ್ ಮರವನ್ನು ಹಬೆಯಲ್ಲಿ ಮೆತ್ತಗೆ ಮಾಡಿ ಬಾಗಿಸಿ, ಆರೇ ಬಿಡಿಭಾಗಗಳಲ್ಲಿ ಒಂದು ಕುರ್ಚಿ. ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ತುಂಬಿ ಎಲ್ಲಿಗೆ ಬೇಕಾದರೂ ಕಳಿಸಬಹುದಾಗಿತ್ತು. ಹಾಗಾಗಿ ಲೋಕವನ್ನೆಲ್ಲ ಸುತ್ತಿತು. ವಿಯೆನ್ನಾದಲ್ಲಿ ಹುಟ್ಟಿದ ಮಾದರಿ ದುರ್ಗದ ಮೇಷ್ಟ್ರ ಮನೆಯಲ್ಲಿ ಹಳತಾಗದೆ ಕೂತಿದೆ. ಅದು ದುಬಾರಿ ಎಂದಲ್ಲ. ಹಗುರ, ಗಟ್ಟಿ, ಬೆತ್ತ ಹರಿದರೆ ಮತ್ತೆ ಹೆಣೆಸಬಹುದು. ಇದುವರೆಗೆ ನಾಲ್ಕು ಸಲ ಹೆಣೆಸಿದ್ದೇನೆ.

ಇಷ್ಟನ್ನು ಓದಿ ಎಲ್ಲರ ಮನೆಯಲ್ಲೂ ತಾಮ್ರದ ಹಂಡೆ, ಕೆತ್ತನೆಯ ಕಂಬ ಇತ್ತೆಂದು ತಿಳಿಯಬೇಡಿ. ಹಿರಿಯೂರಿನಲ್ಲಿದ್ದಾಗ, ಶಾಲೆ ಬಿಟ್ಟ ಮಕ್ಕಳನ್ನು ಹುಡುಕಿಕೊಂಡು ಗೊಲ್ಲರಹಟ್ಟಿಗಳಿಗೆ, ಕೂಲಿಯವರ ಗುಡಿಸಲುಗಳಿಗೆ ಹೋಗುತ್ತಿದ್ದೆ. ಒಂದು ಗುಡಿಸಲಿನಲ್ಲಿ ಇದ್ದದ್ದು ಒಂದು ಬೀಸುಕಲ್ಲು, ಎರಡು ಮಡಕೆ, ಒಂದು ಕಂಬಳಿ, ನೆಲುವಿನಲ್ಲಿ ಒಂದು ಗಂಟು. ನೆಲ ಸಾರಿಸಿ ರಂಗೋಲಿ ಬಿಟ್ಟಿತ್ತು. ಆ ತಾಯಿ ಕಂಬಳಿಯನ್ನು ಕೊಡವಿ ನಾಲ್ಕು ಮಡಿಕೆ ಮಾಡಿ ಹಾಸಿ, "ಕುಂತ್ಕಳಿ ಸ್ವಾಮಿ" ಎಂದಳು. ಯಾವ ವಸ್ತು ಎಲ್ಲಿರಬೇಕೋ ಅಲ್ಲಿತ್ತು. ಬೇಡದ್ದು ಒಂದೂ ಇರಲಿಲ್ಲ. ಬಡತನವನ್ನು ಹೊಗಳುವ ಉದ್ದೇಶ ನನ್ನದಲ್ಲ. ಅವಳಿಗೆ ಇನ್ನೊಂದು ಕಂಬಳಿ ಖಂಡಿತ ಬೇಕಾಗಿತ್ತು. ಆದರೆ ಮನೆಯನ್ನು ಓರಣವಾಗಿಡುವ ವಿದ್ಯೆ ಸಿರಿವಂತರ ಸೊತ್ತಲ್ಲ ಎಂಬುದನ್ನು ಅಲ್ಲಿ ಕಲಿತೆ. ಆ ಮಗ ಮತ್ತೆ ಶಾಲೆಗೆ ಬಂದ ಎಂಬುದನ್ನೂ ಸಂತೋಷದಿಂದ ಹೇಳುತ್ತೇನೆ.

ಈಗ ನಮ್ಮ ಮನೆಯ ವಿಚಾರ. ಹೊಸದುರ್ಗ ತಾಲ್ಲೂಕಿನಲ್ಲಿದ್ದ ನಮ್ಮ ಪೂರ್ವಿಕರ ಮನೆ ಹನ್ನೆರಡಂಕಣದ್ದು. ಅದರ ತಲೆಬಾಗಿಲಿನ ಬಾಗಿಲುವಾಡ ಆ ಮನೆಗಿಂತ ಹಳೆಯದು. ವೇದಾವತಿಗೆ ಮಾರಿಕಣಿವೆಯಲ್ಲಿ ಅಣೆಕಟ್ಟು ಕಟ್ಟಲು 1898ರಲ್ಲಿ ಆರಂಭಿಸಿ 1907ರಲ್ಲಿ ಮುಗಿಸಿದರು. ಮಹಾರಾಣಿಯವರ ಹೆಸರಿನಲ್ಲಿ ಅದು ವಾಣಿವಿಲಾಸ ಸಾಗರವಾಯಿತು. ಹಿರಿಯೂರಿನ ಸೀಮೆಗೆ ನೀರು ಬಂತು. ಆದರೆ ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು. ನನ್ನ ಅಜ್ಜಿ ಹುಟ್ಟಿದ ಊರು ಅವುಗಳಲ್ಲಿ ಒಂದು. ನೀರು ಏರುವ ಮೊದಲೇ ಅವಳ ತಂದೆ ಮನೆಯನ್ನು ಬಿಚ್ಚಿ, ತೊಲೆ, ಕಂಬ, ಬಾಗಿಲುವಾಡಗಳನ್ನು ಗಾಡಿಗೆ ಹೇರಿಕೊಂಡು ಬಂದರಂತೆ. ಮಣ್ಣಿನ ಗೋಡೆಯನ್ನು ಹೊರುವಂತಿಲ್ಲ, ಮರವನ್ನು ಹೊರಬಹುದು. ಆಗ ಅಜ್ಜಿಗೆ ಎಂಟೋ ಒಂಬತ್ತೋ ವಯಸ್ಸು; ಬಾಗಿಲುವಾಡದ ಮೇಲೆ ಕೂತು ಗಾಡಿಯಲ್ಲಿ ಬಂದೆ ಎಂದು ಹೇಳುತ್ತಿದ್ದಳು. ಮದುವೆಯಾಗಿ ಬಂದ ಮನೆಗೂ ಅದೇ ವಾಡ ಬಂತು. ಮಗನಿಲ್ಲದ ತಂದೆ ತನ್ನ ಕೊನೆಗಾಲದಲ್ಲಿ ಅದನ್ನು ಮಗಳ ಮನೆಗೆ ಕೊಟ್ಟರು. ಅಜ್ಜಿ ದಿನವೂ ಅದರ ಹೊಸ್ತಿಲಿಗೆ ಅರಿಶಿನ ಬಳಿಯುವಾಗ, "ಇದು ನೀರೊಳಗಿನ ಊರಿನ ಬಾಗಿಲು" ಎನ್ನುತ್ತಿದ್ದಳು. ಆ ಊರಿನಿಂದ ಅವಳ ಬಳಿ ಉಳಿದಿದ್ದು ಅದೊಂದೇ.

1986ರಲ್ಲಿ ನಾವು ಅಣ್ಣತಮ್ಮಂದಿರು ಪಾಲಾದೆವು. ಮಾಳಿಗೆ ಸೋರುತ್ತಿತ್ತು, ಗೋಡೆ ಕೂತಿತ್ತು. ನನಗೆ ಮಗಳ ಮದುವೆಯ ಖರ್ಚು ಎದುರಿಗಿತ್ತು. ಊರೂರು ತಿರುಗಿ ಹಳೆಯ ಮರ ಕೊಳ್ಳುವವರೊಬ್ಬರು ಬಂದು, ಪಡಸಾಲೆಯ ನಾಲ್ಕು ಕಂಬಗಳಿಗೂ ಬಾಗಿಲುವಾಡಕ್ಕೂ ಸೇರಿಸಿ ಸೌದೆಗಿಂತ ಸ್ವಲ್ಪವೇ ಹೆಚ್ಚಿನ ಬೆಲೆ ಹೇಳಿದರು. ನಾನು ಒಪ್ಪಿದೆ. ಹಿರಿಯ ಮಗ ಒಪ್ಪಿದ ಮೇಲೆ ಯಾರೂ ಮಾತಾಡುವಂತಿರಲಿಲ್ಲ. ನನ್ನ ಕೊನೆಯ ತಮ್ಮ ಮಾತ್ರ ಬಾಗಿಲುವಾಡದ ಮುಂದೆ ನಿಂತುಬಿಟ್ಟ. ಅವನು ಹೆಚ್ಚು ಓದಿದವನಲ್ಲ. "ಕಂಬ ನಿನ್ನ ಪಾಲಿಗೆ ಇರಲಿ ಅಣ್ಣ, ಇದು ಅಜ್ಜಿಯದು" ಎಂದ. ಅದನ್ನು ಬಿಚ್ಚಿ ಕೊಟ್ಟಿಗೆಯ ಅಟ್ಟದ ಮೇಲಿಟ್ಟ. ಇತಿಹಾಸದ ಮೇಷ್ಟ್ರು ಕಂಬ ಮಾರಿದ. ಒಕ್ಕಲುತನದ ತಮ್ಮ ಇತಿಹಾಸ ಉಳಿಸಿದ. ಈ ಮಾತನ್ನು ಇದುವರೆಗೆ ಎಲ್ಲೂ ಬರೆದಿರಲಿಲ್ಲ.

ಅದೇ ಗಡಿಬಿಡಿಯಲ್ಲಿ ಅಮ್ಮನ ಬೀಸುಕಲ್ಲೂ ಹಿತ್ತಲಿನಲ್ಲಿ ಉಳಿದು ಮಣ್ಣಿನಡಿ ಸೇರಿತು. ಹೊಳಲ್ಕೆರೆಯ ಕಡೆಯ ತವರಿನಿಂದ ಅವಳ ಜೊತೆಗೆ ಬಂದಿದ್ದ ಕಲ್ಲು ಅದು. ಹಿಟ್ಟಿನ ಗಿರಣಿ ಬಂದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಅವಳು ಬೀಸುವಾಗ ಹಾಡುತ್ತಿದ್ದ ಪದಗಳೂ ಅದಕ್ಕೂ ಮುಂಚೆಯೇ ನಿಂತಿದ್ದವು. ಹಾಗೆ ನೋಡಿದರೆ ಕಲ್ಲು ಹೋದದ್ದು ಆ ದಿನವಲ್ಲ, ಹಾಡು ನಿಂತ ದಿನ.

ಕೆಲವು ವರ್ಷಗಳ ನಂತರ ಬೆಂಗಳೂರಿನ ಒಂದು ದೊಡ್ಡ ಹೋಟೆಲಿನಲ್ಲಿ ಬಂಧುಗಳ ಆರತಕ್ಷತೆಗೆ ಹೋಗಿದ್ದೆ. ಬಾಗಿಲ ಬಳಿ ಅಂಥವೇ ಎರಡು ಕಂಬಗಳಿದ್ದವು. ನಮ್ಮವೇ ಎಂದು ಹೇಳಲಾರೆ. ಅಂಥ ಕಂಬಗಳು ಸಾವಿರಾರು. ಆದರೂ ಊಟ ಸೇರಲಿಲ್ಲ. ಕಂಬಗಳಿಗೆ ಹೊಳಪಿನ ಬಣ್ಣ ಬಳಿದಿದ್ದರು. ಅವು ಏನನ್ನೂ ಹೊತ್ತಿರಲಿಲ್ಲ.

ಹಾಗಾದರೆ ಹಳೆಯದನ್ನು ಕೂಡಿಸುವವರೆಲ್ಲ ತಪ್ಪು ಮಾಡುತ್ತಾರೆಯೇ? ಖಂಡಿತ ಇಲ್ಲ. ನಮ್ಮ ದುರ್ಗದ ಹುಲ್ಲೂರು ಶ್ರೀನಿವಾಸ ಜೋಯಿಸರು ಹಳ್ಳಿ ಹಳ್ಳಿ ಅಲೆದು ಶಾಸನ, ಓಲೆಗರಿ, ಹಳೆಯ ವಸ್ತುಗಳನ್ನು ಹುಡುಕಿ ಕೂಡಿಸದಿದ್ದರೆ ರಂಗಯ್ಯನಬಾಗಿಲಿನ ವಸ್ತುಸಂಗ್ರಹಾಲಯ ಹೇಗಾಗುತ್ತಿತ್ತು? ಎಚ್.ಎಲ್. ನಾಗೇಗೌಡರು 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕ ತೆರೆದು, ನಾವು ಹಿತ್ತಲಿಗೆ ಎಸೆದ ಒರಳು, ಸೇರು, ಬುಟ್ಟಿಗಳಿಗೆ ಸೂರು ಕೊಟ್ಟರು. ಮಣಿಪಾಲದ ವಿಜಯನಾಥ ಶೆಣೈ ಅವರದು ಇನ್ನೂ ದೊಡ್ಡ ಸಾಹಸ. ಬ್ಯಾಂಕ್ ನೌಕರಿಯಲ್ಲಿದ್ದ ಅವರು, ಕೆಡವುತ್ತಿದ್ದ ಹಳೆಯ ಮನೆಗಳ ಕಂಬ, ಬಾಗಿಲು, ಕಿಟಕಿಗಳನ್ನು ಕೊಂಡು ತಂದು ಮೊದಲು ತಮ್ಮ ಮನೆಯನ್ನೇ ಅವುಗಳಿಂದ ಕಟ್ಟಿದರು. ಹಸ್ತಶಿಲ್ಪ ಎಂಬ ಆ ಮನೆಯನ್ನು ನೋಡಲು ಜನ ಬರತೊಡಗಿದರು. ಮುಂದೆ ಬಿಡಿ ಕಂಬಗಳಲ್ಲ, ಇಡೀ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಜೋಡಿಸಿ ಪಾರಂಪರಿಕ ಗ್ರಾಮವನ್ನು ಮಾಡಿದರು. 2017ರಲ್ಲಿ ಅವರು ತೀರಿಕೊಂಡರು. ಕಂಬ ಮಾರಿದ ಪಾಪ ನನ್ನಂಥವರದಾದರೆ, ಕೊಂಡು ಕಾಪಾಡಿದ ಪುಣ್ಯ ಅಂಥವರದು. ಅವರಿಗೂ ಅಂಗಡಿಯವರಿಗೂ ಇರುವ ವ್ಯತ್ಯಾಸ ಇಷ್ಟೇ: ಅವರು ವಸ್ತುವಿನ ಜೊತೆಗೆ ಅದರ ಊರನ್ನೂ ತಂದರು. ಈ ಮನೆ ಎಲ್ಲಿಯದು, ಈ ಬಾಗಿಲು ಯಾವ ಕೋಣೆಯದು ಎಂದು ಕೇಳಿದರೆ ಉತ್ತರವಿತ್ತು.

2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ ತುಂಬಿ ಕೋಡಿ ಬಿತ್ತು. 1933ರ ನಂತರ, ಎಂಬತ್ತೊಂಬತ್ತು ವರ್ಷಗಳ ಮೇಲೆ ಆ ದೃಶ್ಯ. ಜಾತ್ರೆಯಂತೆ ಜನ ಸೇರಿದ್ದರು. ಮೊಮ್ಮಗನನ್ನು ಕರೆದುಕೊಂಡು ನಾನೂ ಹೋಗಿದ್ದೆ. ಎಲ್ಲರೂ ಹರಿಯುವ ನೀರನ್ನು ನೋಡುತ್ತಿದ್ದರು; ನಾನು ಹಿನ್ನೀರಿನ ಕಡೆಗೆ ನೋಡುತ್ತಿದ್ದೆ. ಅಲ್ಲಿಂದ ನೇರವಾಗಿ ತಮ್ಮನ ಊರಿಗೆ ಹೋದೆವು. ಅವನು ಈಗ ಆರ್‌ಸಿಸಿ ಮನೆ ಕಟ್ಟಿಸಿದ್ದಾನೆ. ಕಾಂಕ್ರೀಟಿನ ಆ ಮನೆಯ ದೇವರಕೋಣೆಗೆ ಅದೇ ಬಾಗಿಲುವಾಡ. ಎತ್ತರ ಕಡಿಮೆ, ಎಲ್ಲರೂ ತಲೆ ಬಾಗಿಸಿಯೇ ಒಳಗೆ ಹೋಗಬೇಕು. ಅದಕ್ಕೆ ಹೊಳಪಿನ ಬಣ್ಣವಿಲ್ಲ. ನೂರಕ್ಕೂ ಹೆಚ್ಚು ವರ್ಷಗಳ ಎಣ್ಣೆ, ಅರಿಶಿನ, ಕೈಗಳ ಸ್ಪರ್ಶ ಮಾತ್ರ. ತಮ್ಮನ ಸೊಸೆ ಆ ಹೊತ್ತಿಗೆ ಹೊಸ್ತಿಲು ತೊಳೆಯುತ್ತಿದ್ದಳು. ನನ್ನ ಮೊಮ್ಮಗ ಅವಳನ್ನು, ಇದೇಕೆ ಇಷ್ಟು ಹಳತಾಗಿದೆ ಎಂದು ಕೇಳಿದ. ಅಜ್ಜಿಯನ್ನು ಒಮ್ಮೆಯೂ ಕಾಣದ ಆ ಹುಡುಗಿ ಹೇಳಿದಳು: "ಇದು ನೀರೊಳಗಿನ ಊರಿನ ಬಾಗಿಲು ಕಣಪ್ಪ."

ನನಗೆ ಅಲ್ಲೇ ಕೂತುಬಿಡಬೇಕೆನಿಸಿತು. ತಮ್ಮ ಏನೂ ಮಾತಾಡಲಿಲ್ಲ. ಕಂಬಳಿ ತಂದು ಹಾಸಿದ.

ನನ್ನ ವಿದ್ಯಾರ್ಥಿಗೆ ಕೊಡಬೇಕಾದ ಉತ್ತರ ಇಷ್ಟು. ಮನೆಯ ಅಲಂಕಾರ ಹಳತಾಗದೆ ಉಳಿಯುವುದು ವಸ್ತು ಎಷ್ಟು ಹಳೆಯದು ಎಂಬುದರಿಂದಲ್ಲ. ಅದನ್ನು ಬಳಸುವ ಕೈ ಮತ್ತು ಅದು ಎಲ್ಲಿಂದ ಬಂತೆಂದು ಹೇಳುವ ಬಾಯಿ ಮನೆಯಲ್ಲಿ ಉಳಿದಿರುವುದರಿಂದ. ಎರಡೂ ಇದ್ದರೆ ಸ್ಟೀಲಿನ ಚೊಂಬೂ ಶೋಭಿಸುತ್ತದೆ. ಎರಡೂ ಇಲ್ಲದಿದ್ದರೆ ಅರಮನೆಯ ಬಾಗಿಲೂ ಮರದ ಹಲಗೆಯೇ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಒಮ್ಮೆ ನಿನ್ನ ಊರಿಗೆ ಹೋಗು. ಅಟ್ಟ ಹತ್ತಿ ನೋಡು. ಅಪ್ಪನ ಟ್ರಂಕು, ಅಮ್ಮನ ಮಣೆ, ನೀನೇ ಮಲಗಿದ್ದ ತೊಟ್ಟಿಲು ಅಲ್ಲಿರಬಹುದು. ತಂದರೆ ಉಪಯೋಗಕ್ಕೆ ಇಡು: ಟ್ರಂಕಿನಲ್ಲಿ ಹೊದಿಕೆ ಇರಲಿ, ಮಣೆಯ ಮೇಲೆ ಯಾರಾದರೂ ಕೂರಲಿ, ನೆಂಟರಿಷ್ಟರಲ್ಲಿ ಮಗು ಹುಟ್ಟಿದರೆ ತೊಟ್ಟಿಲನ್ನು ಕೊಟ್ಟು ಕಳಿಸು. ನಮ್ಮ ಓಣಿಯಲ್ಲಿ ಒಂದೇ ತೊಟ್ಟಿಲು ಹತ್ತು ಮನೆಗಳ ಮಕ್ಕಳನ್ನು ತೂಗಿತ್ತು. ಏನೂ ಸಿಗದಿದ್ದರೆ ಹೊಸದನ್ನೇ ಕೊಂಡುಕೋ, ಚಿಂತೆಯಿಲ್ಲ. ಎಲ್ಲ ಹಳತೂ ಒಂದು ದಿನ ಹೊಸದೇ. ರಿಪೇರಿ ಮಾಡಿಸಲು ಬರುವಂಥದನ್ನು ಆರಿಸು. ಒಂದೇ ದಿನದಲ್ಲಿ ಮನೆ ತುಂಬಿಸಬೇಡ. ಅಂಗಡಿಯ ಕಂಬವನ್ನೇ ಕೊಳ್ಳುವೆಯಾದರೆ ಅದು ಯಾವ ಊರಿನದೆಂದು ಕೇಳು; ತಿಳಿದರೆ ಹಿಂದುಗಡೆ ಬರೆದಿಡು. ಯಾರಿಗೆ ಗೊತ್ತು, ಅದು ಹೊಸದುರ್ಗದ ಕಡೆಯದೂ ಆಗಿರಬಹುದು. ಹಾಗಿದ್ದರೆ ನನಗೆ ತಿಳಿಸು. ಬಂದು ಒಮ್ಮೆ ಮುಟ್ಟಿ ನೋಡುತ್ತೇನೆ.

ಉಳಿದವರೂ ನಿಮ್ಮ ನಿಮ್ಮ ಮನೆಗಳಲ್ಲಿ ಯಾವ ಹಿರಿಯರ ವಸ್ತು ಇನ್ನೂ ಬಳಕೆಯಲ್ಲಿದೆ ಎಂದು ಬರೆದು ತಿಳಿಸಿರಿ. ವಸ್ತುವಿನ ಹೆಸರು, ಬಂದ ಊರು, ಬಳಸಿದವರ ಸಂಬಂಧ, ಇಷ್ಟು ಸಾಕು. ಇದನ್ನು ನಾನು ಕೊಡುತ್ತಿರುವ ಕೊನೆಯ ಮನೆಗೆಲಸ ಎಂದು ತಿಳಿಯಿರಿ. ತಪ್ಪಿದರೆ ಬೆಂಚಿನ ಮೇಲೆ ನಿಲ್ಲಿಸುವ ಶಕ್ತಿ ಈಗ ನನಗಿಲ್ಲ.

ಎಲ್ಲರಿಗೂ ಶುಭವಾಗಲಿ.